ಒಂದೇ ಕಾರಿಗೆ ಎರಡು ರಾಜ್ಯಗಳ ತೆರಿಗೆ

ಬಳ್ಳಾರಿಯ ಯಾವುದೇ ದೊಡ್ಡ ವೃತ್ತದಲ್ಲಿ ಸಂಜೆಯ ಹೊತ್ತು ನಿಂತು ವಾಹನಗಳ ಸಂಖ್ಯಾಫಲಕಗಳನ್ನು ಓದಿದರೆ ಈ ಸೀಮೆಯ ಭೂಗೋಳವೇ ಕಣ್ಣಮುಂದೆ ಹಾದುಹೋಗುತ್ತದೆ. ಕೆಎ 34 ಇಲ್ಲಿಯದು, ಕೆಎ 35 ಹೊಸಪೇಟೆಯದು. ಎಪಿ 02 ಅನಂತಪುರದ್ದು, ಎಪಿ 21 ಕರ್ನೂಲಿನದು. 2019ರಿಂದ ಈಚೆಗೆ ನೋಂದಣಿಯಾದ ಆಂಧ್ರದ ಬಹಳಷ್ಟು ವಾಹನಗಳ ಮೇಲೆ ಎಪಿ 39 ಎಂದಿರುತ್ತದೆ. ಆದೋನಿಯಿಂದ ಆಸ್ಪತ್ರೆಗೆ ಬಂದವರು, ರಾಯದುರ್ಗದಿಂದ ಮದುವೆಯ ಜವಳಿಗೆ ಬಂದವರು, ಗುಂತಕಲ್ಲಿನಿಂದ ನೆಂಟರ ಮನೆಗೆ ಬಂದವರು ಎಲ್ಲರೂ ಇದೇ ರಸ್ತೆಗಳಲ್ಲಿ ಓಡಾಡುತ್ತಾರೆ. ಅವರ ಕಾರುಗಳೂ ನಮ್ಮವೂ ಅದೇ ಕಾರ್ಖಾನೆಗಳಲ್ಲಿ ತಯಾರಾದವು. ಬಣ್ಣ, ಎಂಜಿನ್, ಆಸನ ಯಾವುದರಲ್ಲೂ ಭೇದವಿಲ್ಲ. ಆದರೂ ಕೊಂಡವನ ಜೇಬಿನಿಂದ ಹೋದ ಹಣ ಒಂದೇ ಆಗಿರುವುದಿಲ್ಲ.

ಒಂದೇ ವಸ್ತುವಿಗೆ ಗಡಿಯ ಈಚೆಗೊಂದು, ಆಚೆಗೊಂದು ಬೆಲೆ ಏಕೆ? ಈ ಪ್ರಶ್ನೆಯನ್ನು ಸಾಮಾನ್ಯವಾಗಿ ದೇಶದೇಶಗಳ ನಡುವೆ ಕೇಳಲಾಗುತ್ತದೆ. ಒಂದೇ ದೇಶದ ಎರಡು ನೆರೆ ರಾಜ್ಯಗಳ ನಡುವೆಯೂ ಅದು ಅಷ್ಟೇ ಅರ್ಥಪೂರ್ಣವಾದ ಪ್ರಶ್ನೆ ಎಂಬುದು ಗಡಿ ಜಿಲ್ಲೆಯವನಾದ ನನ್ನ ಅನುಭವ.

ಇಲ್ಲಿನ ಗಡಿಯ ವಯಸ್ಸು ಬಹಳವೇನಲ್ಲ. ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿದ್ದು 1953ರಲ್ಲಿ. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದರ ಪಾಲಿಗೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಕೂಡ್ಲಿಗಿ ಮೊದಲಾದವು ಮೈಸೂರು ರಾಜ್ಯಕ್ಕೆ ಸೇರಿದವು. ಬಳ್ಳಾರಿ ತಾಲ್ಲೂಕು ಯಾರಿಗೆ ಎಂಬ ಬಗ್ಗೆ ವಿವಾದವೆದ್ದು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವಿಚಾರಣೆಯ ನಂತರವೇ ಅದು ಬಗೆಹರಿಯಿತು. ಗೆರೆ ಎಳೆದದ್ದು ಆಡಳಿತ. ಸಂಬಂಧಗಳು ಗೆರೆಗೆ ತಕ್ಕಂತೆ ಸರಿದುಕೊಳ್ಳಲಿಲ್ಲ. ಸಿರುಗುಪ್ಪದ ರೈತನಿಗೆ ಹತ್ತಿ ಮಾರಲು ಆದೋನಿಯ ಮಾರುಕಟ್ಟೆ ಇಂದಿಗೂ ಹತ್ತಿರದ್ದು. ಕುರುಗೋಡಿನಲ್ಲಿ ಮನೆ, ಆಚೆಯ ಹಳ್ಳಿಯಲ್ಲಿ ಹೆಂಡತಿಯ ಪಾಲಿನ ಹೊಲ ಇರುವವರು ಇಲ್ಲಿ ಅಪರೂಪವಲ್ಲ. ಇಂಥವರಿಗೆ ಕಾರೊಂದನ್ನು ಎಲ್ಲಿ ಕೊಳ್ಳಬೇಕು, ಎಲ್ಲಿ ನೋಂದಾಯಿಸಬೇಕು ಎಂಬುದು ನಿಜವಾದ ಲೆಕ್ಕಾಚಾರ.

ಕಾರಿನ ಬೆಲೆಯನ್ನು ಮೂರು ಪದರಗಳಾಗಿ ನೋಡಬಹುದು. ಮೊದಲನೆಯದು ತಯಾರಕ ಕೇಳುವ ಬೆಲೆ. ಎರಡನೆಯದು ಮಾರಾಟದ ಮೇಲಿನ ತೆರಿಗೆ. ಮೂರನೆಯದು ರಸ್ತೆಗಿಳಿಸುವ ಮುನ್ನ ಕಟ್ಟುವ ನೋಂದಣಿ ತೆರಿಗೆ. ಮೂರರಲ್ಲಿ ಯಾವುದು ಬದಲಾದರೂ ಬೆಲೆ ಬದಲಾಗುತ್ತದೆ. ಆದರೆ ಬೆಲೆ ಬದಲಾದ ಮಾತ್ರಕ್ಕೆ ಅಂತರ ಉಳಿಯುವುದಿಲ್ಲ. ಅಕ್ಕಿ ಆದೋನಿಯಲ್ಲಿ ಅಗ್ಗವಾದರೆ ಸಿರುಗುಪ್ಪದವರು ಅಲ್ಲಿಂದ ತಂದಾರು, ನಾಲ್ಕು ದಿನಗಳಲ್ಲಿ ಎರಡೂ ಕಡೆಯ ದರ ಸಮನಾದೀತು. ಕಾರಿನ ವಿಷಯದಲ್ಲಿ ಹಾಗಾಗದಂತೆ ನಡುವೆ ಏನೋ ಒಂದು ಅಡ್ಡ ನಿಂತಿರಬೇಕು. ಆ ಅಡ್ಡಗೋಡೆ ಯಾವುದೆಂದು ಹುಡುಕಿದರೆ ಪ್ರಶ್ನೆಯ ಅರ್ಧ ಉತ್ತರ ಸಿಕ್ಕಂತೆ.

ಹೊರದೇಶಗಳ ಅನುಭವ ಇದನ್ನು ಚೆನ್ನಾಗಿ ತೋರಿಸುತ್ತದೆ. ಡೆನ್ಮಾರ್ಕಿನಲ್ಲಿ ಕಾರಿನ ನೋಂದಣಿ ತೆರಿಗೆಯ ಮೇಲಿನ ಹಂತದ ದರ ಒಂದು ಕಾಲಕ್ಕೆ ಶೇ 180ರಷ್ಟಿತ್ತು. ಅಷ್ಟು ತೆರಿಗೆ ಸೇರಿದ ಮೇಲೂ ಕೊಳ್ಳುವವರು ಉಳಿಯಬೇಕೆಂದು ಕಂಪನಿಗಳು ಅಲ್ಲಿ ತೆರಿಗೆಗೆ ಮುಂಚಿನ ಬೆಲೆಯನ್ನು ತಗ್ಗಿಸಿಯೇ ಇಡುತ್ತಿದ್ದವು. ನೆರೆಯ ಜರ್ಮನಿಯಲ್ಲಿ ತೆರಿಗೆ ಕಡಿಮೆ, ಜನರ ಕೈಯಲ್ಲಿ ಹಣ ಹೆಚ್ಚು. ಹಾಗಾಗಿ ಅಲ್ಲಿ ಕಂಪನಿಯ ಮೂಲಬೆಲೆಯೇ ಹೆಚ್ಚು. ಒಂದೇ ಮಾರುಕಟ್ಟೆ ಎಂದು ಘೋಷಿಸಿಕೊಂಡ ಐರೋಪ್ಯ ಒಕ್ಕೂಟದಲ್ಲಿ ಇದು ಹೇಗೆ ಸಾಧ್ಯವಾಯಿತು? ಮಾರಾಟಗಾರರು ಹೊರದೇಶದ ಗಿರಾಕಿಗೆ ಕಾರು ಕೊಡದಂತೆ ಕಂಪನಿಗಳು ತಡೆಯುತ್ತಿದ್ದುದು ಒಂದು ಕಾರಣ. ಇಟಲಿಯ ಮಾರಾಟಗಾರರು ಜರ್ಮನಿ ಮತ್ತು ಆಸ್ಟ್ರಿಯಾದ ಗಿರಾಕಿಗಳಿಗೆ ಮಾರದಂತೆ ನಿರ್ಬಂಧಿಸಿತೆಂದು ಐರೋಪ್ಯ ಆಯೋಗ 1998ರ ಜನವರಿಯಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಗೆ ಭಾರೀ ದಂಡ ವಿಧಿಸಿತು. ಬ್ರಿಟನ್ನಿನ ಸ್ಪರ್ಧಾ ಆಯೋಗ 2000ದಲ್ಲಿ ನೀಡಿದ ವರದಿ, ಅಲ್ಲಿನ ಖಾಸಗಿ ಗಿರಾಕಿಗಳು ಹೊಸ ಕಾರಿಗೆ ಸುಮಾರು ಶೇ 10ರಷ್ಟು ಹೆಚ್ಚು ತೆರುತ್ತಿದ್ದಾರೆಂದು ಹೇಳಿತು. ಐರೋಪ್ಯ ಆಯೋಗವಂತೂ ಯಾವ ದೇಶದಲ್ಲಿ ಯಾವ ಕಾರಿಗೆ ಎಷ್ಟು ಬೆಲೆ ಎಂಬ ತುಲನಾ ಪಟ್ಟಿಯನ್ನೇ ಹಲವು ವರ್ಷ ಪ್ರಕಟಿಸಿತು. ಬೆಲೆ ತಿಳಿದ ಗಿರಾಕಿ ಗಡಿ ದಾಟಿ ಹೋಗಲಿ ಎಂಬುದು ಅದರ ಉದ್ದೇಶವಾಗಿತ್ತು.

ಅಮೆರಿಕ ಖಂಡದಲ್ಲೂ ಇಂಥದ್ದೇ ನಡೆಯಿತು. 2007ರ ಸೆಪ್ಟೆಂಬರಿನಲ್ಲಿ ಕೆನಡಾದ ಡಾಲರು ಅಮೆರಿಕದ ಡಾಲರಿಗೆ ಸಮನಾಯಿತು. ಆದರೆ ಕೆನಡಾದಲ್ಲಿ ಕಾರಿನ ಬೆಲೆ ಹಳೆಯ ವಿನಿಮಯ ದರದ ಲೆಕ್ಕದಲ್ಲೇ ಉಳಿದಿತ್ತು. ಜನ ಗಡಿ ದಾಟಿ ಅಮೆರಿಕದಲ್ಲಿ ಕೊಳ್ಳತೊಡಗಿದರು. ಕೆಲವು ಕಂಪನಿಗಳು ಹಾಗೆ ತಂದ ಕಾರಿಗೆ ವಾರಂಟಿ ನಿರಾಕರಿಸಿದವು. ನಮ್ಮ ನೆರೆಯ ನೇಪಾಳದಲ್ಲಿ ಗೋಡೆಯನ್ನು ಕಟ್ಟಿದ್ದು ಸರ್ಕಾರವೇ. ಭಾರತದಲ್ಲಿ ತಯಾರಾದ ಕಾರು ಅಲ್ಲಿ ಸುಂಕಗಳೆಲ್ಲ ಸೇರಿ ಇಲ್ಲಿಗಿಂತ ಎರಡು ಪಟ್ಟಿಗೂ ಹೆಚ್ಚು ಬೆಲೆಗೆ ಮಾರಾಟವಾಗುತ್ತದೆ. ವಿದೇಶಿ ವಿನಿಮಯದ ಕೊರತೆಗೆ ಸಿಲುಕಿದ ಶ್ರೀಲಂಕಾ 2020ರಲ್ಲಿ ವಾಹನಗಳ ಆಮದನ್ನೇ ನಿಲ್ಲಿಸಿ, ಖಾಸಗಿ ವಾಹನಗಳಿಗೆ ಬಾಗಿಲು ತೆರೆದದ್ದು 2025ರ ಫೆಬ್ರುವರಿಯಲ್ಲಿ. ಕಂಪನಿಯ ಕರಾರು, ವಾರಂಟಿಯ ಷರತ್ತು, ಸುಂಕದ ಠಾಣೆ: ಗೋಡೆಯ ರೂಪ ಬೇರೆಬೇರೆ, ಮಾಡುವ ಕೆಲಸ ಒಂದೇ.

ಇನ್ನು ನಮ್ಮ ಗೋಡೆಯ ವಿಚಾರ. ಕಾಲು ಶತಮಾನದ ಹಿಂದೆ ರಾಜ್ಯಗಳ ನಡುವೆ ಒಂದಲ್ಲ, ಮೂರು ನಾಲ್ಕು ಗೋಡೆಗಳಿದ್ದವು. ಮಾರಾಟ ತೆರಿಗೆಯ ದರ ರಾಜ್ಯರಾಜ್ಯಕ್ಕೆ ಬೇರೆಯಾಗಿತ್ತು. ವ್ಯಾಪಾರವನ್ನು ತಮ್ಮತ್ತ ಸೆಳೆಯಲು ರಾಜ್ಯಗಳು ಪೈಪೋಟಿಯಲ್ಲಿ ದರ ಇಳಿಸುತ್ತಿದ್ದವು. ಈ ಜಗಳಕ್ಕೆ ಕಡಿವಾಣ ಹಾಕಲು ರಾಜ್ಯಗಳು 2000ದ ಜನವರಿಯಿಂದ ಕನಿಷ್ಠ ದರಗಳಿಗೆ ಬದ್ಧವಾಗಲು ಒಪ್ಪಿದವು. 2005ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಆಂಧ್ರಪ್ರದೇಶವೂ ಮೌಲ್ಯವರ್ಧಿತ ತೆರಿಗೆಗೆ ಬದಲಾದವು. ಆದರೂ ರಾಜ್ಯ ದಾಟಿದ ಸರಕಿಗೆ ಕೇಂದ್ರ ಮಾರಾಟ ತೆರಿಗೆ, ಕೆಲವೆಡೆ ಪ್ರವೇಶ ತೆರಿಗೆ, ಗಡಿಯಲ್ಲಿ ತಪಾಸಣಾ ಠಾಣೆ ಇದ್ದೇ ಇದ್ದವು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಇವನ್ನೆಲ್ಲ ಒಂದೇ ಏಟಿಗೆ ಕೆಡವಿತು. ಕಾರಿನ ಮೇಲಿನ ಈ ತೆರಿಗೆ ಇಂದು ಬಳ್ಳಾರಿಗೂ ಕರ್ನೂಲಿಗೂ ಒಂದೇ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಶೇ 18, ದೊಡ್ಡದಕ್ಕೆ ಶೇ 40, ವಿದ್ಯುತ್ ಚಾಲಿತ ಕಾರಿಗೆ ಶೇ 5. ಷೋರೂಂ ಬೆಲೆ ಈಗ ದೇಶದಲ್ಲೆಲ್ಲ ಬಹುಮಟ್ಟಿಗೆ ಸಮ.

ಹಾಗಾದರೆ ಉಳಿದದ್ದು ಮೂರನೆಯ ಪದರ, ಅಂದರೆ ನೋಂದಣಿಯ ವೇಳೆ ಕಟ್ಟುವ ಜೀವಾವಧಿ ತೆರಿಗೆ. ಸಂವಿಧಾನದ ರಾಜ್ಯ ಪಟ್ಟಿಯ 57ನೇ ನಮೂದು ವಾಹನಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಜಿಎಸ್‌ಟಿ ಇದನ್ನು ಮುಟ್ಟಲಿಲ್ಲ. ನಮ್ಮಲ್ಲಿ ಇದನ್ನು ವಸೂಲು ಮಾಡುವುದು 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಅನ್ವಯ. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಜೀವಾವಧಿ ತೆರಿಗೆಯ ದರ ಹೀಗಿದೆ: 5 ಲಕ್ಷ ರೂಪಾಯಿವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲಾದರೆ ಶೇ 18. ಈ ತೆರಿಗೆಯ ಮೇಲೆ ಮತ್ತೆ ಶೇ 11ರ ಉಪಕರ.

ಸಣ್ಣಪುಟ್ಟ ಶುಲ್ಕಗಳನ್ನು ಬಿಟ್ಟು ಲೆಕ್ಕ ಹಾಕಿ ನೋಡೋಣ. 12 ಲಕ್ಷ ರೂಪಾಯಿಯ ಕಾರಿಗೆ ಶೇ 17ರಂತೆ 2,04,000 ರೂಪಾಯಿ, ಉಪಕರ 22,440, ಒಟ್ಟು 2,26,440 ರೂಪಾಯಿ. ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಹಂತ ದಾಟಿದರೆ ಹೆಚ್ಚಿನ ದರ ಬೀಳುವುದು ದಾಟಿದ ಮೊತ್ತಕ್ಕೆ ಮಾತ್ರವಲ್ಲ, ಇಡೀ ಬೆಲೆಗೆ. ಹೀಗಾಗಿ 9,99,000 ರೂಪಾಯಿಯ ಕಾರಿಗಿಂತ 10,01,000 ರೂಪಾಯಿಯ ಕಾರಿನ ಬೆಲೆ ಎರಡು ಸಾವಿರ ಹೆಚ್ಚು, ತೆರಿಗೆ ಮಾತ್ರ ಸುಮಾರು 33,600 ರೂಪಾಯಿ ಹೆಚ್ಚು!

ಆಂಧ್ರಪ್ರದೇಶದಲ್ಲಿ 2021ಕ್ಕೆ ಮುನ್ನ 10 ಲಕ್ಷದವರೆಗಿನ ಕಾರಿಗೆ ಶೇ 12, ಮೇಲಿನದಕ್ಕೆ ಶೇ 14 ಇತ್ತು. ಆ ಲೆಕ್ಕದಲ್ಲಿ ಅದೇ 12 ಲಕ್ಷದ ಕಾರು ಗಡಿಯಾಚೆ 58 ಸಾವಿರ ರೂಪಾಯಿ ಅಗ್ಗವಾಗುತ್ತಿತ್ತು. ಆಚೆ ಸೋದರಮಾವನ ಮನೆಯ ವಿಳಾಸ ಇದ್ದವನಿಗೆ ಆಸೆ ಹುಟ್ಟಿದರೆ ಆಶ್ಚರ್ಯವೇನು? ಆದರೆ 2021ರಲ್ಲಿ ಆಂಧ್ರ ತನ್ನ ದರಗಳನ್ನು ಏರಿಸಿ ಕರ್ನಾಟಕದ ಹತ್ತಿರಕ್ಕೆ ಬಂದಿತು. ಮರುವರ್ಷ ತೆಲಂಗಾಣವೂ ಏರಿಸಿತು. ಹಿಂದೆ ರಾಜ್ಯಗಳು ಪೈಪೋಟಿಯಲ್ಲಿ ಇಳಿಸುತ್ತಿದ್ದ ತೆರಿಗೆ ಈಗ ಒಂದನ್ನೊಂದು ನೋಡಿ ಏರುತ್ತಿದೆ.

ಬೆಲೆಯ ಅಂತರ ಕಿರಿದಾಯಿತಲ್ಲ, ಇನ್ನೇನು ದೂರು ಎಂದು ಓದುಗರು ಕೇಳಬಹುದು. ನನ್ನ ದೂರು ಇರುವುದೇ ಇಲ್ಲಿ. ಅಂತರ ಕಿರಿದಾದರೂ ಗೋಡೆ ಅಷ್ಟೇ ಎತ್ತರದಲ್ಲಿ ನಿಂತಿದೆ. 1988ರ ಮೋಟಾರು ವಾಹನ ಕಾಯ್ದೆಯ 46ನೇ ಕಲಮು, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನಕ್ಕೆ ಇಡೀ ಭಾರತದಲ್ಲಿ ಮಾನ್ಯತೆ ಕೊಡುತ್ತದೆ. ಮುಂದಿನ ಕಲಮು, ಆ ವಾಹನ ಬೇರೆ ರಾಜ್ಯದಲ್ಲಿ 12 ತಿಂಗಳಿಗೂ ಹೆಚ್ಚು ಉಳಿದರೆ ಅಲ್ಲಿನ ಸಂಖ್ಯೆ ಪಡೆಯಬೇಕೆನ್ನುತ್ತದೆ. ಸಂಖ್ಯೆಯ ಜೊತೆಗೆ ತೆರಿಗೆಯೂ ಬರುತ್ತದೆ. ಒಮ್ಮೆ ಜೀವಾವಧಿಗೆಂದು ತೆತ್ತವನು ಇನ್ನೊಂದು ರಾಜ್ಯಕ್ಕೆ ಬಂದ ತಕ್ಷಣ ಆ ಜೀವಾವಧಿ ಮುಗಿದುಹೋಗುತ್ತದೆ.

ನನ್ನ ಸೋದರಳಿಯನೊಬ್ಬ ಖಾಸಗಿ ಕಾಲೇಜಿನ ಉಪನ್ಯಾಸಕ. ನೆರೆರಾಜ್ಯದ ಒಂದು ಊರಿನಲ್ಲಿ ಸಾಲ ಮಾಡಿ ಕಾರು ಕೊಂಡು, ಮೂರು ವರ್ಷದ ಮೇಲೆ ವಯಸ್ಸಾದ ತಂದೆತಾಯಿಯರ ಸಲುವಾಗಿ ಬಳ್ಳಾರಿಗೆ ಬಂದ. ಮೊದಲು ಸಾಲ ಕೊಟ್ಟವರ ಒಪ್ಪಿಗೆ, ಆಮೇಲೆ ಮೂಲ ನೋಂದಣಿ ಕಚೇರಿಯ ನಿರಾಕ್ಷೇಪಣಾ ಪತ್ರ, ಅದಾದ ಮೇಲೆ ಇಲ್ಲಿ ಹೊಸ ತೆರಿಗೆ. ವಾಹನದ ವಯಸ್ಸಿಗೆ ತಕ್ಕಂತೆ ತೆರಿಗೆ ತುಸು ಇಳಿಯುತ್ತದೆ, ನಿಜ. ಆದರೂ ಅದನ್ನು ಒಂದೇ ಕಂತಿನಲ್ಲಿ ಕಟ್ಟಬೇಕು. ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಪಾಲನ್ನು ವಾಪಸು ಕೇಳಲು ಮತ್ತೊಂದು ಅರ್ಜಿ. ಆ ಅರ್ಜಿಯ ಹಿಂದೆ ಅವನು ಕಾಲೇಜಿಗೆ ರಜೆ ಹಾಕಿ ಹೋದದ್ದು ಐದು ಸಲ. ‘ಮಾವ, ವಾಪಸು ಬರುವ ದುಡ್ಡಿಗಿಂತ ಹೋಗಿಬರುವ ಖರ್ಚೇ ಹೆಚ್ಚಾಗುತ್ತೇನೋ’ ಎಂದು ಅವನು ಅಂದಾಗ ನನಗೆ ಹೇಳಲು ಮಾತಿರಲಿಲ್ಲ. ಅವನು ವಂಚಿಸಲು ಹೊರಟವನಲ್ಲ. ಎರಡೂ ರಾಜ್ಯಗಳ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವನು.

ವಂಚಿಸುವವರೂ ಇದ್ದಾರೆ, ಅದನ್ನು ಮರೆಮಾಚಬೇಕಿಲ್ಲ. ಪುದುಚೇರಿಯಲ್ಲಿ ತೆರಿಗೆ ಕಡಿಮೆಯೆಂದು ಅಲ್ಲಿನ ವಿಳಾಸ ತೋರಿಸಿ ಕೋಟಿ ಬೆಲೆಯ ಕಾರುಗಳನ್ನು ನೋಂದಾಯಿಸಿ, ಬೇರೆ ರಾಜ್ಯಗಳಲ್ಲಿ ಓಡಿಸುವ ಚಾಳಿ ಎಲ್ಲರಿಗೂ ಗೊತ್ತಿರುವಂಥದ್ದು. ಕರ್ನಾಟಕದ ಸಾರಿಗೆ ಇಲಾಖೆ ಅಂಥ ವಾಹನಗಳನ್ನು ಹಿಡಿದು ತೆರಿಗೆ ವಸೂಲು ಮಾಡಿದ್ದೂ ಉಂಟು. ಇದನ್ನು ತಡೆಯಲೆಂದು 2014ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಹೊರರಾಜ್ಯದ ವಾಹನ ಇಲ್ಲಿ 30 ದಿನ ಮೀರಿ ಉಳಿದರೆ ಜೀವಾವಧಿ ತೆರಿಗೆ ಕಟ್ಟಬೇಕೆಂದಿತು. ಬೆಂಗಳೂರಿನ ಐಷಾರಾಮಿ ಕಾರಿಗೆ ಬೀಸಿದ ಬಲೆಯಲ್ಲಿ ಗಡಿ ಊರಿನ ಬಡ್ಡಿ ಸಾಲದ ಕಾರೂ ಸಿಕ್ಕಿಕೊಂಡಿತು. ಹೈಕೋರ್ಟ್ 2016ರಲ್ಲಿ ಆ ತಿದ್ದುಪಡಿಯನ್ನು ರದ್ದುಪಡಿಸಿತು.

ರಾಜ್ಯ ಸರ್ಕಾರಗಳ ವಾದದಲ್ಲೂ ಹುರುಳಿದೆ. ರಸ್ತೆ ಮಾಡುವುದು, ದುರಸ್ತಿ ನೋಡುವುದು ಅವುಗಳ ಹೊಣೆ. ಅದಿರಿನ ಲಾರಿಗಳು ಹದಗೆಡಿಸಿದ ಬಳ್ಳಾರಿ, ಸಂಡೂರು ರಸ್ತೆಗಳನ್ನು ಕಂಡವರಿಗೆ ಆ ಖರ್ಚಿನ ಗಾತ್ರವನ್ನು ವಿವರಿಸಬೇಕಿಲ್ಲ. ಮೇಲಾಗಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವೇ ದರ ನಿಗದಿ ಮಾಡಬಹುದಾದ ತೆರಿಗೆಗಳು ಬೆರಳೆಣಿಕೆಯಷ್ಟೇ ಉಳಿದಿವೆ: ಪೆಟ್ರೋಲು ಮತ್ತು ಡೀಸೆಲ್, ಮದ್ಯ, ಆಸ್ತಿ ನೋಂದಣಿ, ವಾಹನ. ಇದನ್ನೂ ದೆಹಲಿಗೆ ಒಪ್ಪಿಸಿ ಕೈಚಾಚಿ ಕುಳಿತುಕೊಳ್ಳಿ ಎಂದು ಹೇಳಲು ನಾನು ಸಿದ್ಧನಿಲ್ಲ. ತಾರತಮ್ಯವಿಲ್ಲದ ತೆರಿಗೆಯು ದೇಶದೊಳಗಿನ ಮುಕ್ತ ವ್ಯಾಪಾರಕ್ಕೆ ಅಡ್ಡಿಯಾಗದು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2016ರ ನವೆಂಬರಿನಲ್ಲಿ ಬಹುಮತದಿಂದ ಹೇಳಿರುವುದರಿಂದ ರಾಜ್ಯಗಳ ಅಧಿಕಾರ ಗಟ್ಟಿಯಾಗಿಯೇ ಇದೆ.

ತೆರಿಗೆ ಹಾಕುವ ಹಕ್ಕು ರಾಜ್ಯದ್ದೇ ಇರಲಿ. ಪ್ರಶ್ನೆ ಇರುವುದು ಅದನ್ನು ವಸೂಲು ಮಾಡುವ ರೀತಿಯಲ್ಲಿ. ರಸ್ತೆಯ ಬಳಕೆಗೆ ತೆರಿಗೆ ಎಂದಾದರೆ, ಯಾವ ರಾಜ್ಯದ ರಸ್ತೆಯಲ್ಲಿ ಎಷ್ಟು ವರ್ಷ ಓಡಿತೋ ಅಷ್ಟಕ್ಕೆ ತೆರಿಗೆ ಕೊಡುವುದು ನ್ಯಾಯ. ಹದಿನೈದು ವರ್ಷಗಳದ್ದನ್ನು ಮೊದಲ ದಿನವೇ ಕಿತ್ತುಕೊಂಡು, ವಾಹನ ಹೊರಟುಹೋದಾಗ ಉಳಿದದ್ದನ್ನು ಕೇಳಿ ಪಡೆಯಬೇಕಾದ ಹೊರೆಯನ್ನು ಪ್ರಜೆಯ ಮೇಲೆ ಹೊರಿಸುವುದು ಯಾವ ನ್ಯಾಯ?

ಇದಕ್ಕೆ ಪರಿಹಾರ ಎಲ್ಲೋ ದೂರದಲ್ಲಿಲ್ಲ. ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 15ರಿಂದ ಬಿಎಚ್ ಸರಣಿಯ ನೋಂದಣಿಯನ್ನು ಜಾರಿಗೆ ತಂದಿತು. ಇದರಲ್ಲಿ ರಾಜ್ಯ ಬದಲಿಸಿದರೂ ಸಂಖ್ಯೆ ಬದಲಾಗದು. 10 ಲಕ್ಷದವರೆಗಿನ ಕಾರಿಗೆ ಶೇ 8, 20 ಲಕ್ಷದವರೆಗೆ ಶೇ 10, ಅದಕ್ಕೂ ಮೇಲೆ ಶೇ 12ರ ದರದಲ್ಲಿ ಎರಡೆರಡು ವರ್ಷದ ಕಂತಿನಂತೆ ತೆರಿಗೆ ಕಟ್ಟಿದರೆ ಸಾಕು. ಆದರೆ ಇದು ದೊರೆಯುವುದು ಸೈನಿಕರಿಗೆ, ಸರ್ಕಾರಿ ಮತ್ತು ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಗಳ ನೌಕರರಿಗೆ ಮಾತ್ರ. ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕ, ಕುರುಗೋಡಿನ ರೈತ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಆಂಧ್ರದ ಊರೂರಿಗೆ ಮಾರುವ ವ್ಯಾಪಾರಿ, ನನ್ನ ಸೋದರಳಿಯನಂಥ ಉಪನ್ಯಾಸಕ ಇವರಾರೂ ಇದಕ್ಕೆ ಅರ್ಹರಲ್ಲ. ದಿನ ಬೆಳಗಾದರೆ ಗಡಿ ದಾಟುವವರೇ ಪಟ್ಟಿಯಿಂದ ಹೊರಗೆ ಉಳಿದಿದ್ದಾರೆ.

ಗಮನಿಸಬೇಕಾದ ಸಂಗತಿಯೆಂದರೆ, ರಾಜ್ಯಗಳ ಸಾರಿಗೆ ಸಚಿವರ ಗುಂಪು 2018ರಲ್ಲಿ ಇಡೀ ದೇಶಕ್ಕೆ ಶಿಫಾರಸು ಮಾಡಿದ್ದೂ ಇದೇ 8, 10, 12ರ ದರಗಳನ್ನು. ರಾಜ್ಯಗಳು ಅದನ್ನು ಒಪ್ಪಿಕೊಳ್ಳಲಿಲ್ಲ. ಕರ್ನಾಟಕಕ್ಕೆ ಅದು ದೊಡ್ಡ ನಷ್ಟ. ಮೇಲಿನ ಲೆಕ್ಕದ 12 ಲಕ್ಷದ ಕಾರಿನಲ್ಲಿ 2,26,440 ರೂಪಾಯಿ ಬರುವ ಕಡೆ 1,20,000 ಮಾತ್ರ ಬಂದೀತು. ದರ ಒಂದೇ ಆಗಲಿ ಎಂದು ಹಟ ಹಿಡಿದರೆ ಈ ಮಾತುಕತೆ ಮುಂದೆಯೂ ಇಲ್ಲೇ ಮುರಿದು ಬೀಳುತ್ತದೆ. ಹಾಗಾಗಿ ದರಗಳು ಬೇರೆಯಾಗಿಯೇ ಇರಲಿ, ವಸೂಲಾತಿಯ ತತ್ವ ಒಂದಾಗಲಿ ಎಂಬುದು ನನ್ನ ಸಲಹೆ. ಇಷ್ಟವಿದ್ದ ಯಾವ ಪ್ರಜೆಗೂ ಜೀವಾವಧಿಯ ಬದಲು ಎರಡೆರಡು ವರ್ಷಕ್ಕೆ ಕಟ್ಟುವ ಆಯ್ಕೆ ಇರಬೇಕು. ಒಟ್ಟಿಗೆ ಕಟ್ಟಿದವನು ರಾಜ್ಯ ಬದಲಿಸಿದರೆ ಉಳಿದ ವರ್ಷಗಳ ಪಾಲು ಅರ್ಜಿಯಿಲ್ಲದೆ ಹಳೆಯ ರಾಜ್ಯದಿಂದ ಹೊಸ ರಾಜ್ಯಕ್ಕೆ ವರ್ಗವಾಗಬೇಕು. ದರದಲ್ಲಿ ವ್ಯತ್ಯಾಸವಿದ್ದರೆ ಅದನ್ನು ಮಾತ್ರ ಮಾಲೀಕ ತುಂಬಲಿ. ಸಮವರ್ತಿ ಪಟ್ಟಿಯ 35ನೇ ನಮೂದು, ವಾಹನ ತೆರಿಗೆಯ ತತ್ವಗಳನ್ನು ರೂಪಿಸುವ ಅಧಿಕಾರವನ್ನು ಸಂಸತ್ತಿಗೂ ಕೊಟ್ಟಿದೆ. ಅದು ಇರುವುದೇ ಇಂಥ ಕೆಲಸಕ್ಕೆ.

ಇದು ಆಗದ ಮಾತು ಎನ್ನುವವರು ನಮ್ಮ ಲಾರಿಗಳನ್ನು ನೋಡಲಿ. ಹಿಂದೆ ರಾಷ್ಟ್ರೀಯ ರಹದಾರಿಯ ಲಾರಿ ಪ್ರತಿ ರಾಜ್ಯಕ್ಕೂ ಬೇರೆಬೇರೆಯಾಗಿ ಹಣ ಕಟ್ಟಬೇಕಿತ್ತು. 2010ರ ಮೇ ತಿಂಗಳಿನಿಂದ ವರ್ಷಕ್ಕೆ 15,000 ರೂಪಾಯಿಯ ಒಂದೇ ಶುಲ್ಕ ಬಂದು, ಅದನ್ನು ರಾಜ್ಯಗಳು ಸೂತ್ರದ ಪ್ರಕಾರ ಹಂಚಿಕೊಳ್ಳುವ ಏರ್ಪಾಡಾಯಿತು. ಆಮೇಲೆ ಶುಲ್ಕ ಏರಿದೆ, ಸೂತ್ರ ಉಳಿದಿದೆ. ಉಕ್ಕು ಹೊತ್ತ ಲಾರಿಗೆ ಸಾಧ್ಯವಾದದ್ದು ಸಂಸಾರ ಹೊತ್ತ ಕಾರಿಗೆ ಏಕೆ ಅಸಾಧ್ಯ?

ಹಂಚಿಕೊಂಡು ಬಾಳುವ ಲೆಕ್ಕ ಬಳ್ಳಾರಿ ಸೀಮೆಗೆ ಹೊಸದೇನೂ ಅಲ್ಲ. ಜಿಲ್ಲೆಯನ್ನು ಒಡೆದ ಅದೇ 1953ರಲ್ಲಿ ತುಂಗಭದ್ರಾ ಮಂಡಳಿಯೂ ರಚನೆಯಾಯಿತು. ಜನ ಎಚ್‌ಎಲ್‌ಸಿ ಎಂದೇ ಕರೆಯುವ ಮೇಲ್ಮಟ್ಟದ ಕಾಲುವೆ ನಮ್ಮ ಹೊಲಗಳ ನಡುವೆ ಹಾದು ಅನಂತಪುರದತ್ತ ಹೋಗುತ್ತದೆ, ಎಲ್‌ಎಲ್‌ಸಿ ಕರ್ನೂಲಿನತ್ತ ಹರಿಯುತ್ತದೆ. ಯಾರ ಪಾಲಿಗೆ ಎಷ್ಟು ನೀರು, ನಿರ್ವಹಣೆಯ ಖರ್ಚಿನಲ್ಲಿ ಯಾರದೆಷ್ಟು ಎಂಬುದಕ್ಕೆ ಲೆಕ್ಕವಿದೆ. ಜಗಳಗಳು ಬಂದಿವೆ, ಆದರೂ ಏಳು ದಶಕಗಳಿಂದ ಆ ಲೆಕ್ಕ ನಡೆದುಕೊಂಡು ಬಂದಿದೆ. ಹರಿಯುವ ನೀರನ್ನೇ ಅಳೆದು ಹಂಚಬಲ್ಲ ಎರಡು ರಾಜ್ಯಗಳಿಗೆ, ಕಂಪ್ಯೂಟರಿನಲ್ಲಿ ದಿನಾಂಕ ಸಮೇತ ದಾಖಲಾಗಿರುವ ವಾಹನ ತೆರಿಗೆಯನ್ನು ಹಂಚಿಕೊಳ್ಳುವುದು ಕಷ್ಟವಾಗಬಾರದು. ಬೇಕಿರುವುದು ಎರಡೂ ಕಡೆಯ ಸಾರಿಗೆ ಇಲಾಖೆಗಳು ಒಂದು ಮೇಜಿನ ಸುತ್ತ ಕೂರುವ ಮನಸ್ಸು. ಆ ಮೇಜು ಬೆಂಗಳೂರಿನಲ್ಲೋ ಅಮರಾವತಿಯಲ್ಲೋ ಹಾಕುವ ಬದಲು ಬಳ್ಳಾರಿಯಲ್ಲೇ ಹಾಕಿದರೆ, ಗಡಿಯಲ್ಲಿ ಬದುಕುವವರ ಲೆಕ್ಕ ಏನೆಂಬುದು ಅಧಿಕಾರಿಗಳಿಗೆ ಬೇಗ ಅರ್ಥವಾದೀತು.